ಮ್ಯಾಲೆ ಮಂಡಕ್ಕಿ ತಿಂತಾರಾ ಮಾಮಾ?

ನಮಸ್ಕಾರ, ಕೊಪ್ಪಳದಿಂದ. ಇದು ನಮ್ಮ ಮನೆ ಮಾಳಿಗೆ. ಅಕ್ಕನ ಮಕ್ಕಳು ರಜೆಗೆ ಬಂದಿದ್ದಾರೆ, ಅವನಿಗೆ ಐದು ವರ್ಷ, ಅವಳಿಗೆ ಏಳು. ಸಂಜೆ ಮಂಡಕ್ಕಿ ಮಿರ್ಚಿ ತಿಂತಾ ಕೂತಿದ್ದಾಗ, ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಬಗ್ಗೆ ಸಣ್ಣವನು ಕೇಳಿದ, "ಮಾಮಾ, ಶುಕ್ಲಾ ಅಂಕಲ್ ಮ್ಯಾಲೆ ಮಂಡಕ್ಕಿ ತಿಂದ್ರಾ?"

ಇಲ್ಲಪ್ಪ. ಅಲ್ಲಿ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕೋಕೆ ಹೋದರೆ ಅರ್ಧ ತೇಲಿಹೋಗಿ ಯಾರ ಕಣ್ಣಿಗೋ ಯಾವ ಮಷಿನ್ ಸಂದಿಗೋ ಹೋಗಿ ಸೇರುತ್ತೆ. ಅದಕ್ಕೇ ಅಲ್ಲಿ ಬ್ರೆಡ್ ಬದಲು ಚಪಾತಿಯಂಥ ಟೋರ್ಟಿಯಾ ತಿಂತಾರೆ. ಉಪ್ಪು ಕೂಡ ನೀರಿನಲ್ಲಿ ಕರಗಿಸಿದ್ದು.

"ಹಂಗಾದ್ರ ಖಡಕ್ ರೊಟ್ಟಿ ಬ್ಯಾಡ, ಮೆತ್ತನ್ ರೊಟ್ಟಿ ಒಯ್ಬೇಕು" ಅಂದಳು ದೊಡ್ಡವಳು. ನನಗೆ ಎಷ್ಟು ಖುಷಿಯಾಯ್ತು ಗೊತ್ತಾ! ಶುಭಾಂಶು ಶುಕ್ಲಾ 2025ರಲ್ಲಿ ಹೋದಾಗ ಗಜ್ಜರಿ ಹಲ್ವಾ ಒಯ್ದಿದ್ದರು, ಅದು ಚಮಚಕ್ಕೆ ಅಂಟಿಕೊಳ್ಳುತ್ತೆ ನೋಡಿ.

ಆದರೆ ತೇಲೋದು ಯಾಕೆ? ಅಲ್ಲಿ ಭೂಮಿಯ ಸೆಳೆತವೇ ಇಲ್ಲ ಅಂತ ಮಕ್ಕಳಿಗೆ ಹೇಳಿಬಿಡ್ತೀವಿ. ದಯವಿಟ್ಟು ಹಾಗೆ ಹೇಳಬೇಡಿ. ಬಾಹ್ಯಾಕಾಶ ನಿಲ್ದಾಣ ಇರೋದು ಸುಮಾರು 400 ಕಿಲೋಮೀಟರ್ ಮೇಲೆ, ಅಲ್ಲೂ ಇಲ್ಲಿಯ ಸೆಳೆತದ ಶೇ. 90ರಷ್ಟು ಇದೆ. ನಿಲ್ದಾಣ, ಒಳಗಿನ ಜನ, ಹಲ್ವಾ ಎಲ್ಲಾ ಒಟ್ಟಿಗೇ ಬೀಳ್ತಾ ಇರ್ತವೆ, ಗಂಟೆಗೆ 28,000 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೂ ಓಡ್ತಿರೋದರಿಂದ ನೆಲ ಮುಟ್ಟದೆ ಭೂಮಿಯನ್ನು ಸುತ್ತುತ್ತಾ ಇರ್ತವೆ.

ಐದು ವರ್ಷದವನಿಗೆ ಇದನ್ನ ಬಾಯಲ್ಲಿ ಹೇಳಿದರೆ ಆಗಲ್ಲ. ಖಾಲಿ ನೀರಿನ ಬಾಟಲಿ ತಗೊಂಡೆ, ಕೆಳಗೆ ಪಕ್ಕದಲ್ಲಿ ಒಂದು ತೂತು ಮಾಡಿ ನೀರು ತುಂಬಿದೆ. ಮುಚ್ಚಳ ತೆಗೆದು ಹಿಡಿದರೆ ತೂತಿನಿಂದ ನೀರು ಸುರಿಯುತ್ತೆ. ಮಾಳಿಗೆಯಿಂದ ಕೈಬಿಟ್ಟೆ. ಈಗ ಸ್ಲೋ ಮೋಷನ್‌ನಲ್ಲಿ ನೋಡಿ, ಬೀಳುವಾಗ ನೀರು ಸುರಿಯೋದು ನಿಂತಿದೆ! ಬಾಟಲಿ, ನೀರು ಎರಡೂ ಒಂದೇ ವೇಗದಲ್ಲಿ ಬೀಳ್ತಿವೆ, ಅಷ್ಟೇ. ಅಂಗಳದಲ್ಲಿ ದೂರ ನಿಂತಿದ್ದ ಸಣ್ಣವನು "ಇನ್ನೊಮ್ಮೆ, ಇನ್ನೊಮ್ಮೆ" ಅಂತ ನನ್ನ ಕೈಲಿ ಐದು ಸಲ ಬೀಳಿಸಿದ.

ಆಮೇಲೆ ಉಚ್ಚೆ ಎಲ್ಲಿ ಹೊಯ್ತಾರೆ ಅನ್ನೋ ಪ್ರಶ್ನೆ ಬಂದೇ ಬಂತು. ಗಾಳಿಯಿಂದ ಎಳೆಯೋ ಕೊಳವೆಯಲ್ಲಿ. ಅದನ್ನೇ ಶುದ್ಧ ಮಾಡಿ ಕುಡಿಯೋ ನೀರು ಮಾಡ್ತಾರೆ ಅಂದರೆ ಇಬ್ಬರೂ "ಛೀ" ಅಂದರು. ನೀರಿನ ಬೆಲೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾ, ಇವತ್ತಲ್ಲ ನಾಳೆ ಅರ್ಥವಾಗುತ್ತೆ. ಮಲಗೋದು ಗೋಡೆಗೆ ಕಟ್ಟಿದ ಚೀಲದಲ್ಲಿ. ದಿನಕ್ಕೆ 16 ಸಲ ಸೂರ್ಯ ಹುಟ್ಟುತ್ತೆ, ಆದ್ದರಿಂದ ಮಲಗೋದು ಏಳೋದು ಎಲ್ಲಾ ಗಡಿಯಾರ ನೋಡಿಕೊಂಡೇ.

ಈ ಒದ್ದೆ ಬಟ್ಟೆ ಯಾಕೆ ಅಂದ್ರಾ? ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕೆ ಶುಕ್ಲಾ ಅಲ್ಲಿ ಹೆಸರುಕಾಳು, ಮೆಂತ್ಯೆ ಮೊಳಕೆ ಬರಿಸಿದ್ದರು. ಇವರಿಬ್ಬರೂ ಅದನ್ನೇ ಕಟ್ಟಿಟ್ಟಿದ್ದಾರೆ. ನಿನ್ನೆ ರಾತ್ರಿಯಿಂದ ನಾಲ್ಕು ಸಲ ಬಿಚ್ಚಿ ನೋಡಿದ್ದಾಯ್ತು.