ಸೀಟಿನ ಕೆಳಗಿನ ಕೆಂಪು ಸಿಲಿಂಡರ್

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುತ್ತಿದ್ದೆವು. ಕಾರು ನನ್ನ ಗೆಳೆಯನದು, ಓಡಿಸುತ್ತಿದ್ದವನೂ ಅವನೇ. ಮಾರನಹಳ್ಳಿ ದಾಟಿ ತಿರುವುಗಳು ಶುರುವಾದವು ನೋಡಿ, ಕಾರಿನೊಳಗೆ ಎಲ್ಲೋ ಗಡಗಡ ಅಂತ ಸದ್ದು. ಕಾರು ಎಡಕ್ಕೆ ತಿರುಗಿದರೆ ಸದ್ದು ಬಲಕ್ಕೆ ಹೋಗುತ್ತದೆ, ಬಲಕ್ಕೆ ತಿರುಗಿದರೆ ಎಡಕ್ಕೆ ಬರುತ್ತದೆ. "ಏನೋ ಅದು?" ಅಂದೆ. "ಅದಾ? ಫೈರ್ ಸಿಲಿಂಡರ್ ಕಣೋ. ಹೋದ ವಾರ ತಗೊಂಡೆ. ಸುಮ್ನೆ ಸೀಟ್ ಕೆಳಗೆ ಇಟ್ಟಿದೀನಿ, ಸೇಫ್ಟಿಗೆ ಇರಲಿ ಅಂತ" ಅಂದ. ಅಷ್ಟರಲ್ಲಿ ಮುಂದಿನ ಲಾರಿ ಬ್ರೇಕ್ ಹಾಕಿತು, ಇವನೂ ಹಾಕಿದ. ಸಿಲಿಂಡರ್ ಸೀಟಿನ ಕೆಳಗಿಂದ ಜಾರಿ ಬಂದು ಅವನ ಹಿಮ್ಮಡಿಗೆ ಬಡಿಯಿತು. ಇನ್ನೊಂದು ಗೇಣು ಮುಂದೆ ಹೋಗಿದ್ದರೆ ಬ್ರೇಕ್ ಪೆಡಲ್ಲಿನ ಕೆಳಗೆ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಪೆಡಲ್ ಎಷ್ಟು ತುಳಿದರೂ ಕೆಳಗೆ ಹೋಗುವುದಿಲ್ಲ. ಒಂದು ಪಕ್ಕ ಪ್ರಪಾತ, ಮುಂದೆ ಲಾರಿ.

ಆವತ್ತು ಗುಂಡ್ಯದವರೆಗೂ ಆ ಸಿಲಿಂಡರನ್ನು ನಾನು ತೊಡೆಯ ಮೇಲೆ ಮಗುವಿನ ಹಾಗೆ ಹಿಡಿದುಕೊಂಡು ಕೂತಿದ್ದೆ.

ಇಷ್ಟು ವರ್ಷ ಗ್ಯಾರೇಜು ನಡೆಸಿದವನು ನಾನು. ಗಾಡಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ ಇಡಬೇಕು, ಹೇಗೆ ಕಟ್ಟಬೇಕು ಅಂತ ಹೇಳುವವರು ಕಡಿಮೆ. ಅಂಗಡಿಯವನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಡುತ್ತಾನೆ. ನಾವು ಅದೇ ಚೀಲದ ಸಮೇತ ಡಿಕ್ಕಿಗೆ ಎಸೆಯುತ್ತೇವೆ.

ಸ್ವಲ್ಪ ಲೆಕ್ಕ ಹಾಕೋಣ. ಬೆಂಕಿ ಆರಿಸುವ ಪುಡಿ ಒಂದು ಕೆಜಿ ಇರುವ ಸಿಲಿಂಡರ್, ಕಬ್ಬಿಣ ಎಲ್ಲಾ ಸೇರಿ ಸುಮಾರು 2 ಕೆಜಿ ತೂಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದ ಕಾರು ಗುದ್ದಿ, ಅರ್ಧ ಮೀಟರಿನೊಳಗೆ ನಿಂತುಬಿಟ್ಟಿತು ಅಂದುಕೊಳ್ಳಿ. ಆ ಕ್ಷಣ ಒಳಗಿರುವ ಪ್ರತಿ ವಸ್ತುವೂ ತನ್ನ ತೂಕದ 20 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಅಂದರೆ ಆ 2 ಕೆಜಿ ಸಿಲಿಂಡರನ್ನು ತಡೆಯುವುದಕ್ಕೆ 40 ಕೆಜಿಯ ಮೂಟೆ ಹಿಡಿಯುವಷ್ಟು ಗಟ್ಟಿ ಬೇಕು. ರಬ್ಬರ್ ಪಟ್ಟಿ ಹಿಡಿಯುತ್ತದಾ? ಅಂಟಿನ ಟೇಪು ಹಿಡಿಯುತ್ತದಾ? ಸಿಲಿಂಡರಿನ ಜೊತೆ ಬರುವ ತೆಳ್ಳನೆಯ ಪ್ಲಾಸ್ಟಿಕ್ ಹಿಡಿಕೆ ಮನೆಯ ಗೋಡೆಗೆ ಸಾಕು. ಓಡುವ ಗಾಡಿಗೆ ಸಾಲದು.

ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ಕಾರ್ ರ‍್ಯಾಲಿ ನಡೆಯುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಆ ಕಾರುಗಳ ಒಳಗೆ ಒಮ್ಮೆ ಇಣುಕಿ ನೋಡಿ. ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ಸಿಲಿಂಡರ್ ಕಟ್ಟುವುದಕ್ಕೆ ನಿಯಮವನ್ನೇ ಬರೆದಿಟ್ಟಿದೆ. ಸಿಲಿಂಡರಿನ ಹಿಡಿತ ಅದರ ತೂಕದ 25 ಪಟ್ಟು ಬಲ ತಾಳಬೇಕು. ಕಟ್ಟುವ ಪಟ್ಟಿ ಲೋಹದ್ದೇ ಆಗಿರಬೇಕು, ಕನಿಷ್ಠ ಎರಡು ಇರಬೇಕು. ಎರಡೂ ಥಟ್ಟನೆ ಬಿಚ್ಚುವ ಹಾಗಿರಬೇಕು.

ಕಷ್ಟ ಇರುವುದು ಇಲ್ಲೇ. ಗುದ್ದಿದಾಗ ಕದಲಬಾರದು, ಕೈ ಹಾಕಿದಾಗ ಕ್ಷಣದಲ್ಲಿ ಬರಬೇಕು. ಕೆಲವು ಡ್ರೈವರ್‌ಗಳು ಸಿಲಿಂಡರನ್ನು ಬೈಂಡಿಂಗ್ ವೈರ್ ಸುತ್ತಿ ಬಿಗಿದಿರುತ್ತಾರೆ. ಅಲ್ಲಾಡುವುದಿಲ್ಲ, ನಿಜ. ಬೆಂಕಿ ಬಿದ್ದಾಗ ಕಟಿಂಗ್ ಪ್ಲೇಯರ್ ಹುಡುಕಬೇಕು ಅಷ್ಟೇ! ಇನ್ನು ಕೆಲವು ಬಸ್ಸುಗಳಲ್ಲಿ ಕದಿಯುತ್ತಾರೆ ಅಂತ ಬೀಗ ಹಾಕಿರುವುದನ್ನೂ ನೋಡಿದ್ದೇನೆ. ಬೀಗದ ಕೈ ಯಾರ ಹತ್ತಿರ ಅಂತ ಕೇಳಿದರೆ, "ಡಿಪೋದಲ್ಲಿದೆ ಸಾರ್" ಅಂದರು.

ಹಾಗಾದರೆ ಏನು ಮಾಡಬೇಕು? ಉಕ್ಕಿನ ತೊಟ್ಟಿಲಿನಂಥ ಬ್ರಾಕೆಟ್ ತಗೊಳ್ಳಿ. ಅದಕ್ಕೆ ಎರಡು ಉಕ್ಕಿನ ಪಟ್ಟಿ, ಪಟ್ಟಿಗೆ ಸನ್ನೆಗೋಲಿನ ಹಾಗೆ ಎತ್ತಿ ಬಿಚ್ಚುವ ಕ್ಲಿಪ್. ನಿಮ್ಮ ಸಿಲಿಂಡರಿನ ಸುತ್ತಳತೆಗೆ ಸರಿಹೊಂದುವುದನ್ನೇ ಆರಿಸಿ. ದೊಡ್ಡದಾದರೆ ನಡುವೆ ಬಟ್ಟೆ ತುರುಕಿ ಸರಿ ಮಾಡಬೇಡಿ.

ಜಾಗ ಯಾವುದು? ಡಿಕ್ಕಿ ಬೇಡವೇ ಬೇಡ. ಹಿಂದಿನಿಂದ ಯಾರಾದರೂ ಗುದ್ದಿದರೆ ಡಿಕ್ಕಿ ತೆಗೆಯಲು ಬರುವುದಿಲ್ಲ. ಡ್ಯಾಶ್‌ಬೋರ್ಡ್ ಮೇಲೂ ಬೇಡ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಸಿಲಿಂಡರ್ ಅಂದರೆ ಒಳಗೆ ಒತ್ತಡ ತುಂಬಿದ ಡಬ್ಬ. ಎಷ್ಟು ಬಿಸಿ ತಡೆಯುತ್ತದೆ ಅಂತ ಅದರ ಮೈಮೇಲೇ ಬರೆದಿರುತ್ತದೆ. ನನ್ನ ಅನುಭವದಲ್ಲಿ ಒಳ್ಳೆಯ ಜಾಗ ಮುಂದಿನ ಸೀಟಿನ ಮುಂಭಾಗದ ಕೆಳಗೆ. ಅದೂ ಅಡ್ಡಡ್ಡ. ಗಾಡಿ ಹೋಗುವ ದಿಕ್ಕಿಗೆ ಉದ್ದಕ್ಕೆ ಮಲಗಿಸಿದರೆ, ಗುದ್ದಿದಾಗ ಪಟ್ಟಿಯೊಳಗಿಂದ ಬಾಣದ ಹಾಗೆ ಜಾರಿ ಹೊರಡುತ್ತದೆ. ಅಡ್ಡ ಮಲಗಿಸಿದರೆ ಪಟ್ಟಿ ಅದನ್ನು ತಬ್ಬಿ ಹಿಡಿಯುತ್ತದೆ.

ಈಗ ಡ್ರಿಲ್ಲಿಂಗ್ ಮಾತು. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಕಾರಿನ ತಳ ಅಂದರೆ ಬರೀ ತಗಡಲ್ಲ. ಅದರ ಅಡಿಯಲ್ಲಿ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಹೋಗಿರುತ್ತವೆ. ಮ್ಯಾಟಿನ ಕೆಳಗೆ ವೈರುಗಳಿರುತ್ತವೆ. ಸೀಟಿನ ಅಡಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. ಎಲೆಕ್ಟ್ರಿಕ್ ಕಾರಾದರೆ ತಳದಲ್ಲೇ ಬ್ಯಾಟರಿ. ಅಲ್ಲಿ ತೂತು ಕೊರೆಯುವ ಯೋಚನೆಯೂ ಬೇಡ. ತೂತೇ ಇಲ್ಲದೆ ಮಾಡುವ ದಾರಿ ಇದೆ. ಸೀಟಿನ ಹಳಿಯನ್ನು ತಳಕ್ಕೆ ಹಿಡಿದಿರುವ ಬೋಲ್ಟುಗಳಿವೆಯಲ್ಲ, ಅವುಗಳಿಗೇ ಸೇರಿಸಿ ಕೂರಿಸುವ ಪಟ್ಟಿಗಳು ಸಿಗುತ್ತವೆ. ಆದರೆ ಆ ಬೋಲ್ಟು ನಿಮ್ಮ ಸೀಟನ್ನೂ ನಿಮ್ಮನ್ನೂ ಹಿಡಿದಿರುವಂಥದ್ದು. ನಡುವೆ ದಪ್ಪ ಪಟ್ಟಿ ಬಂದರೆ ಬೋಲ್ಟಿನ ಥ್ರೆಡ್ ಸಾಲದಾಗಬಹುದು. ತಿಳಿದ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಕಂಪನಿ ಹೇಳಿದಷ್ಟು ಬಿಗಿಯಾಗಿದೆಯಾ ಅಂತ ಟಾರ್ಕ್ ಸ್ಪ್ಯಾನರಿನಲ್ಲೇ ನೋಡಬೇಕು. ಲಾರಿ, ಟೆಂಪೊ ಕ್ಯಾಬಿನ್ನಿನಲ್ಲಿ ತೂತು ಹಾಕಲೇಬೇಕಾದರೆ, ಹಿಂದೆ ಅಗಲ ವಾಷರ್ ಕೊಟ್ಟು ಲಾಕ್ ನಟ್ ಬಿಗಿಯಿರಿ. ತಗಡಿಗೆ ಸುಮ್ನೆ ಸ್ಕ್ರೂ ತಿರುಗಿಸಿದರೆ ನಾಲ್ಕು ಹಂಪ್ ದಾಟುವಷ್ಟರಲ್ಲಿ ಸಡಿಲ.

ಕೂರಿಸಿದ ಮೇಲೆ ಸೀಟನ್ನು ಹಿಂದೆ ಮುಂದೆ ಪೂರ್ತಿ ಸರಿಸಿ ನೋಡಿ. ತಾಗಬಾರದು. ಹಿಡಿ ಒತ್ತದಂತೆ ತಡೆಯುವ ಪಿನ್ನು, ಅದರ ಸೀಲು ಹಾಗೇ ಇರಲಿ. ಹಿಂದೆ ಕೂತವರ ಕಾಲಿಗೆ ಹಿಡಿ ಸಿಗಬಾರದು. ಓಡುವ ಕಾರಿನೊಳಗೆ ಆ ಪುಡಿ ಹಾರಿದರೆ ಡ್ರೈವರಿಗೆ ರಸ್ತೆಯೇ ಕಾಣುವುದಿಲ್ಲ.

ಗಾಡಿ ಅದುರುವುದಕ್ಕೆ ಒಳಗಿನ ಪುಡಿ ತಳಕ್ಕೆ ಒತ್ತಿ ಗಟ್ಟಿಯಾಗುತ್ತದೆ, ಡಬ್ಬದಲ್ಲಿ ತುಂಬಿಟ್ಟ ಹಿಟ್ಟಿನ ಹಾಗೆ. ತಿಂಗಳಿಗೊಮ್ಮೆ ಸಿಲಿಂಡರನ್ನು ಬ್ರಾಕೆಟ್ಟಿನಿಂದ ಬಿಚ್ಚಿ ತಲೆಕೆಳಗೆ ಮಾಡಿ ಅಲ್ಲಾಡಿಸಿ. ಹಾಗೇ ಒತ್ತಡ ತೋರಿಸುವ ಮೀಟರಿನ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ತಿಂಗಳಿಗೊಮ್ಮೆ ಬಿಚ್ಚಿದರೆ ಕ್ಲಿಪ್ಪೂ ತುಕ್ಕು ಹಿಡಿಯುವುದಿಲ್ಲ, ನಿಮ್ಮ ಕೈಗೂ ಅಭ್ಯಾಸವಾಗುತ್ತದೆ.

ಒಂದು ಮಾತು ಮುಚ್ಚಿಡಬಾರದು. 2013ರ ಅಕ್ಟೋಬರ್ 30ರ ಬೆಳಗಿನ ಜಾವ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಹತ್ತಿರ ಮೋರಿಗೆ ಬಡಿದು ಹೊತ್ತಿಕೊಂಡಿತು. 45 ಜನ ಸತ್ತರು. ಅಂಥ ಬೆಂಕಿಯ ಮುಂದೆ ಈ ಚಿಕ್ಕ ಸಿಲಿಂಡರ್ ಯಾವ ಲೆಕ್ಕಕ್ಕೂ ಇಲ್ಲ. ಅಲ್ಲಿ ಇಳಿದು ಓಡುವುದೊಂದೇ ದಾರಿ. ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿ ಹೊತ್ತಿದರೂ ಅಷ್ಟೇ, ದೂರ ಹೋಗಿ 112ಕ್ಕೆ ಫೋನ್ ಮಾಡಿ. ಈ ಸಿಲಿಂಡರ್ ಇರುವುದು ಆಗಷ್ಟೇ ಶುರುವಾದ ಬೆಂಕಿಗೆ. ವೈರು ಸುಟ್ಟ ವಾಸನೆ, ಬಾನೆಟ್ ಸಂದಿಯಲ್ಲಿ ಹೊಗೆ, ಅಂಥದ್ದಕ್ಕೆ. ಮೊದಲು ಎಲ್ಲರನ್ನೂ ಇಳಿಸಿ. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕಿ ಬೆಂಕಿ ಮುಖಕ್ಕೇ ಬರುತ್ತದೆ. ಸಂದಿಯಿಂದಲೇ ಪುಡಿ ಹೊಡೆಯಿರಿ. ಸಿಲಿಂಡರನ್ನು ನೆಟ್ಟಗೆ ಹಿಡಿಯಿರಿ. ಒಳಗಿನ ಕೊಳವೆ ತಳದಿಂದ ಪುಡಿ ಎಳೆಯುತ್ತದೆ, ಮಲಗಿಸಿ ಹಿಡಿದರೆ ಬರೀ ಗಾಳಿ ಹೋಗಿಬಿಡುತ್ತದೆ. ಪುಡಿ ಬರುವುದೇ ಹತ್ತು ಸೆಕೆಂಡ್ ಆಸುಪಾಸು.

ಆ ಗೆಳೆಯ ಮಂಗಳೂರಿನಿಂದ ವಾಪಸ್ ಬಂದವನೇ ಕಾರನ್ನು ನನ್ನ ಗ್ಯಾರೇಜಿಗೆ ತಂದ. ಉಕ್ಕಿನ ಬ್ರಾಕೆಟ್ ಕೂರಿಸಿದೆವು. ಆಮೇಲೆ ಅವನನ್ನು ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿಸಿ, ಕಣ್ಣು ಮುಚ್ಚು ಅಂದೆ. ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ ಅಲ್ವಾ? "ಈಗ ಬಿಚ್ಚು" ಅಂದೆ. ತಡಕಾಡಿದ, ಬೈದುಕೊಂಡ, ಹತ್ತೊಂಬತ್ತು ಸೆಕೆಂಡ್ ತಗೊಂಡ. ಕ್ಲಿಪ್ಪುಗಳ ಬಾಯಿ ಸೀಟಿನ ಹಿಂದಕ್ಕೆ ತಿರುಗಿದ್ದವು, ತಪ್ಪು ನನ್ನದೇ. ಬ್ರಾಕೆಟ್ ಬಿಚ್ಚಿ ತಿರುಗಿಸಿ ಹಾಕಿದೆವು. ಎರಡನೇ ಸಲ ನಾಲ್ಕು ಸೆಕೆಂಡಿಗೆ ಸಿಲಿಂಡರ್ ಅವನ ಕೈಯಲ್ಲಿತ್ತು.

ನಮಸ್ಕಾರ.