ಬೇಸಿಗೆಯ ಊಟಕ್ಕೆ ತಣ್ಣನೆ ತಂಬುಳಿ

ಕೇಳುಗರಿಗೆ ನಮಸ್ಕಾರ.

ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬಂತೆಂದರೆ ಮಧ್ಯಾಹ್ನದ ಊಟ ಸೇರುವುದಿಲ್ಲ. ಹೊಟ್ಟೆ ಹಸಿದಿರುತ್ತದೆ, ಆದರೆ ಬಿಸಿ ಸಾರು ತಟ್ಟೆಗೆ ಬಿದ್ದ ಕೂಡಲೇ ಹಣೆಯಲ್ಲಿ ಬೆವರು. ರಾಯಚೂರು, ಕಲಬುರಗಿ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಕರಾವಳಿಯಲ್ಲಿ ಅಷ್ಟು ಏರದಿದ್ದರೂ ಸೆಕೆ ಬಿಡುವುದಿಲ್ಲ. ಇಂಥ ದಿನಗಳಿಗೆಂದೇ ಒಲೆಯನ್ನು ಹೆಚ್ಚು ಹೊತ್ತು ಉರಿಸದೆ, ಸೊಪ್ಪನ್ನೋ ಎಳೆ ತರಕಾರಿಯನ್ನೋ ಕಾಯಿಯ ಜೊತೆ ರುಬ್ಬಿ ಮಜ್ಜಿಗೆಯಲ್ಲಿ ಕದಡಿ ಉಣ್ಣುವ ರೂಢಿ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಹಿಂದಿನಿಂದ ಇದೆ. ಅದೇ ತಂಬುಳಿ. ಅದನ್ನು ಮಾಡುವ ಬಗೆಯನ್ನು ಇವತ್ತು ಹೇಳುತ್ತೇನೆ. ಅದರಲ್ಲೂ ತಂಬುಳಿಯನ್ನು ತಣ್ಣಗೆ ಬಡಿಸುವುದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕೆಂದಿದ್ದೇನೆ. ಈಚೆಗೆ ಮನೆಮನೆಯಲ್ಲಿ ತಂಬುಳಿಯ ರುಚಿ ಕೆಡುತ್ತಿರುವುದು ಆ ಒಂದು ಹಂತದಲ್ಲಿ.

ಒಂದೆಲಗದಿಂದ ಶುರುಮಾಡೋಣ. ಅಡಿಕೆ ತೋಟದ ಕಾಲುವೆಯ ಅಂಚಿನಲ್ಲಿ, ಬಾವಿಕಟ್ಟೆಯ ಪಕ್ಕದಲ್ಲಿ, ನೀರು ಜಿನುಗುವ ಕಡೆಯೆಲ್ಲ ನೆಲಕ್ಕಂಟಿ ಹಬ್ಬುವ ಬಳ್ಳಿ. ಉದ್ದನೆಯ ತೊಟ್ಟಿನ ತುದಿಗೆ ಒಂದೇ ದುಂಡು ಎಲೆ, ಅಂಚೆಲ್ಲ ಸಣ್ಣ ಕಚ್ಚು. ತುಳುವರು ತಿಮರೆ ಎನ್ನುತ್ತಾರೆ. ಪೇಟೆಯಲ್ಲಿ ಬ್ರಾಹ್ಮಿ ಎಂದು ಕಟ್ಟು ಕಟ್ಟಿ ಮಾರುತ್ತಾರೆ. ನಾಲ್ಕು ಜನರ ಊಟಕ್ಕೆ ಒಂದು ದೊಡ್ಡ ಹಿಡಿ ಸಾಕು. ಎಲೆ, ದಂಟು, ಎಳೆ ಬೇರು ಎಲ್ಲವನ್ನೂ ಹಾಕುವವರಿದ್ದಾರೆ. ಬೇರು ಹಾಕುವುದಾದರೆ ಕೆಸರು ಪೂರ್ತಿ ಬಿಡುವ ತನಕ ನೀರು ಬದಲಿಸಿ ಬದಲಿಸಿ ತೊಳೆಯಬೇಕು. ಇದು ಹಸಿಯಾಗಿಯೇ ಹೊಟ್ಟೆಗೆ ಹೋಗುವ ಸೊಪ್ಪು, ಬೇಯಿಸುವ ಮಾತಿಲ್ಲ. ಆದ್ದರಿಂದ ಕೊಳಚೆ ನೀರು ಹರಿಯುವ ಕಡೆ ಎಷ್ಟೇ ಸೊಂಪಾಗಿ ಬೆಳೆದಿದ್ದರೂ ಕೊಯ್ಯಬೇಡಿ.

ಸೊಪ್ಪಿಗೆ ಅರ್ಧ ಬಟ್ಟಲು ತೆಂಗಿನತುರಿ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು. ಹಸಿಮೆಣಸೂ ಹಾಕಬಹುದು, ಆದರೆ ಒಂದೆಲಗಕ್ಕೆ ಕಾಳುಮೆಣಸಿನ ಖಾರವೇ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಹಸಿಮೆಣಸು ಸೊಪ್ಪಿನ ಕಂಪನ್ನು ಮುಚ್ಚಿಬಿಡುತ್ತದೆ. ಇಷ್ಟನ್ನೂ ನುಣ್ಣಗೆ ರುಬ್ಬಿ. ಎರಡು ಬೆರಳ ನಡುವೆ ಉಜ್ಜಿ ನೋಡಿದರೆ ತರಿ ಸಿಗಬಾರದು. ಮಿಕ್ಸಿಯನ್ನು ಎರಡು ಮೂರು ನಿಮಿಷ ಬಿಡದೆ ತಿರುಗಿಸಿ, ಆಮೇಲೆ ಜಾರಿನ ತಳ ಮುಟ್ಟಿ ನೋಡಿ, ಬೆಚ್ಚಗಾಗಿರುತ್ತದೆ. ಆ ಕಾವಿಗೆ ಸೊಪ್ಪಿನ ಹಸಿರು ಮಂಕಾಗುತ್ತದೆ, ಕಾಯಿ ಎಣ್ಣೆ ಬಿಡುತ್ತದೆ. ತಣ್ಣೀರು ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಈ ತೊಂದರೆ ಇಲ್ಲ. ರುಬ್ಬಿದ್ದಕ್ಕೆ ಎರಡು ಲೋಟ ಮಜ್ಜಿಗೆ, ರುಚಿಗೆ ಉಪ್ಪು, ಬೇಕಾದಷ್ಟು ನೀರು. ಹದ ಹೇಗಿರಬೇಕೆಂದರೆ, ಮಜ್ಜಿಗೆಹುಳಿಗಿಂತ ತೆಳ್ಳಗೆ, ತಿಳಿಸಾರಿಗಿಂತ ದಪ್ಪ. ಅನ್ನದ ಮೇಲೆ ಬಿಟ್ಟರೆ ಅಗುಳಿನ ಸಂದಿಯಲ್ಲಿ ಇಳಿಯಬೇಕು, ಲೋಟಕ್ಕೆ ಹಾಕಿದರೆ ಕುಡಿಯಲೂ ಬರಬೇಕು.

ದೊಡ್ಡಪತ್ರೆಯ ಕ್ರಮ ಸ್ವಲ್ಪ ಬೇರೆ. ಕೆಲವು ಕಡೆ ಸಾಂಬಾರಬಳ್ಳಿ ಎಂದೂ ಕರೆಯುತ್ತಾರಲ್ಲ, ಅದೇ. ಎಲೆ ದಪ್ಪ, ಮೇಲೆಲ್ಲ ಸಣ್ಣ ರೋಮ, ಓಮದ ಘಾಟು. ಹಸಿಯಾಗಿ ಹಾಕಿದರೆ ಆ ಘಾಟು ಜೋರಾಗುತ್ತದೆ. ಹತ್ತು ಹದಿನೈದು ಎಲೆಗಳನ್ನು ಚಿವುಟಿ, ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಬೇಕು. ಎಲೆಯಲ್ಲಿ ನೀರಿನಂಶ ಬಹಳ, ಬಾಣಲೆಯಲ್ಲಿ ಮೊದಲು ಚುರುಗುಟ್ಟಿ ಆಮೇಲೆ ಮೆತ್ತಗಾಗಿ ಬಣ್ಣ ತಿರುಗುತ್ತದೆ. ಅಷ್ಟಾದರೆ ಇಳಿಸಿ.

ಇಳಿಸಿದ ಮೇಲೆ ಅವಸರ ಬೇಡ. ನಮ್ಮ ಅತ್ತೆ ಬಾಡಿಸಿದ ಸೊಪ್ಪನ್ನು ಅಗಲವಾದ ಸ್ಟೀಲ್ ತಟ್ಟೆಗೆ ತೆಳ್ಳಗೆ ಹರಡಿ ಕಿಟಕಿಯ ಹತ್ತಿರ ಇಡುತ್ತಿದ್ದರು. ಬೇರೆ ಕೆಲಸ ನೋಡಿಕೊಳ್ಳುತ್ತ ನಡುನಡುವೆ ಬಂದು ಹಿಂಗೈಯನ್ನು ತಟ್ಟೆಯ ತಳಕ್ಕೆ ಒತ್ತಿ ನೋಡುವರು. ಕೈಗೆ ಕಾವು ತಾಗದಂತಾದ ಮೇಲೆಯೇ ಅದು ಕಾಯಿಯ ಜೊತೆ ಒರಳಿಗೆ ಬೀಳುತ್ತಿತ್ತು. ನಾನು ಅವಸರ ಮಾಡಿದರೆ, "ಬಿಸಿ ಇದ್ದಾಗ ರುಬ್ಬಡ ತಂಗಿ, ಮಜ್ಜಿಗೆ ಒಡೆದು ಹೋಗ್ತು" ಎನ್ನುವರು. ಅವರು ಹೇಳಿದ್ದು ಸರಿ. ಹುಳಿಯಿರುವ ಕಡೆ ಬಿಸಿಯೂ ಸೇರಿದರೆ ಹಾಲಿನ ಪ್ರೋಟೀನು ಗಂಟು ಕಟ್ಟುತ್ತದೆ. ತಿಳಿನೀರು ಮೇಲೆ, ಗಂಟು ಕೆಳಗೆ. ಮಜ್ಜಿಗೆಹುಳಿಗೆ ಅಕ್ಕಿಯನ್ನೋ ಕಡಲೆಬೇಳೆಯನ್ನೋ ನೆನೆಸಿ ರುಬ್ಬಿ ಹಾಕುವುದು ಈ ಕಾರಣಕ್ಕೇ. ಆ ಹಿಟ್ಟಿನಂಶ ಮಜ್ಜಿಗೆಯನ್ನು ಒಡೆಯದಂತೆ ಹಿಡಿದಿಡುತ್ತದೆ. ತಂಬುಳಿಗೆ ಅಂಥ ಆಸರೆ ಇಲ್ಲ, ಹಾಗಾಗಿ ಬಿಸಿಯನ್ನು ದೂರ ಇಡುವುದೊಂದೇ ಉಪಾಯ. ಮೆಂತೆಯ ತಂಬುಳಿಗೂ ಇದೇ ಮಾತು. ಅರ್ಧ ಚಮಚ ಮೆಂತೆಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ಆರಿಸಿ, ಆಮೇಲೆ ರುಬ್ಬಿ. ಹುರಿಯುವಾಗ ಒಂದು ಗಳಿಗೆ ಮೀರಿ ಕಪ್ಪಾದರೆ ಇಡೀ ಪಾತ್ರೆ ಕಹಿ.

ಈಗ ಫ್ರಿಜ್ಜಿನ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆಯೇ ತಂಬುಳಿ ಮಾಡಿ ಫ್ರಿಜ್ಜಿನಲ್ಲಿಟ್ಟು ಮಧ್ಯಾಹ್ನ ತೆಗೆದು ಬಡಿಸುವುದು ಈಗ ಸಾಮಾನ್ಯವಾಗಿದೆ. ಕೆಲಸಕ್ಕೆ ಹೋಗುವವರಿಗೆ ಅನುಕೂಲ, ನನಗೂ ಗೊತ್ತು. ಆದರೆ ತೆಗೆದಾಗ ಗಮನಿಸಿ ನೋಡಿ. ಮೇಲೆ ಬೆಳ್ಳನೆಯ ಸಣ್ಣ ಸಣ್ಣ ಹರಳು ತೇಲುತ್ತಿರುತ್ತದೆ, ಬಾಯಿಗಿಟ್ಟರೆ ಅಂಗುಳಕ್ಕೆ ಮೇಣ ಮೆತ್ತಿದ ಹಾಗಾಗುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಗಟ್ಟಿಯಾಗುತ್ತದೆ. ಫ್ರಿಜ್ಜಿನೊಳಗೆ ಇರುವುದು 5 ಡಿಗ್ರಿಯ ಆಸುಪಾಸು. ರುಬ್ಬಿದ ಕಾಯಿಯಲ್ಲಿ ಇರುವುದೂ ಅದೇ ಎಣ್ಣೆ, ಒಗ್ಗರಣೆಗೆ ಹಾಕಿದ್ದು ತೆಂಗಿನೆಣ್ಣೆಯೋ ತುಪ್ಪವೋ ಆಗಿದ್ದರೆ ಅದೂ ಹೆಪ್ಪುಗಟ್ಟುತ್ತದೆ. ಇನ್ನೊಂದು, ನಾಲಗೆ ತೀರಾ ತಣ್ಣಗಾದಾಗ ರುಚಿಯನ್ನು ಮಂದವಾಗಿ ಹಿಡಿಯುತ್ತದೆ. ಆಗ ಉಪ್ಪು ಕಡಿಮೆಯಾಯಿತೆಂದು ಮತ್ತೆ ಉಪ್ಪು ಹಾಕುತ್ತೇವೆ. ಒಂದೆಲಗದ ಆ ಹಸಿ ಕಂಪು, ದೊಡ್ಡಪತ್ರೆಯ ಪರಿಮಳ, ಇವೆಲ್ಲ ಆ ಚಳಿಯಲ್ಲಿ ಹುದುಗಿಹೋಗುತ್ತವೆ.

ಹಾಗಾದರೆ ತಣ್ಣನೆಯ ತಂಬುಳಿ ಬೇಕೆನ್ನುವವರು ಏನು ಮಾಡಬೇಕು? ಮಜ್ಜಿಗೆಯನ್ನು ತಂಪು ಮಾಡಿ, ತಂಬುಳಿಯನ್ನಲ್ಲ. ಕಡೆದ ಮಜ್ಜಿಗೆ, ಬೆರೆಸುವ ನೀರು, ಬಡಿಸುವ ಪಾತ್ರೆ, ಈ ಮೂರನ್ನು ಫ್ರಿಜ್ಜಿನಲ್ಲಿಡಿ. ಬಾಡಿಸಬೇಕಾದ ಸೊಪ್ಪನ್ನು ಬೆಳಿಗ್ಗೆಯೇ ಬಾಡಿಸಿ ಆರಿಸಿಟ್ಟಿರಿ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಕಾಯಿ ರುಬ್ಬಿ, ತಣ್ಣನೆಯ ಮಜ್ಜಿಗೆಗೆ ಬೆರೆಸಿ. ಕಾಲು ಗಂಟೆಯೊಳಗೆ ಉಂಡುಬಿಟ್ಟರೆ ಕಾಯಿಯ ಎಣ್ಣೆ ಗಟ್ಟಿಯಾಗಲು ಹೊತ್ತೇ ಸಿಗುವುದಿಲ್ಲ. ಒಗ್ಗರಣೆಗೆ ಎಳ್ಳೆಣ್ಣೆಯೋ ಶೇಂಗಾ ಎಣ್ಣೆಯೋ ಇರಲಿ, ಅವು ಇಷ್ಟು ತಂಪಿಗೆ ಹೆಪ್ಪುಗಟ್ಟುವುದಿಲ್ಲ. ಸಾಸಿವೆ ಸಿಡಿದು ಬ್ಯಾಡಗಿ ಮೆಣಸಿನ ಚೂರು ಉಬ್ಬಿದೊಡನೆ ಇಳಿಸಿ, ಒಗ್ಗರಣೆ ಸೌಟು ಆರಿದ ಮೇಲೆ ಸುರಿಯಿರಿ. ಐಸ್ ತುಂಡನ್ನು ಮಾತ್ರ ಹಾಕಬೇಡಿ. ಕರಗುತ್ತ ಕರಗುತ್ತ ಹದವನ್ನೇ ಕೆಡಿಸುತ್ತದೆ.

ಫ್ರಿಜ್ಜು ಬೇಡವೆನ್ನುವವರಿಗೆ ಮಣ್ಣಿನ ಮಡಕೆ ಇದೆ. ಆದರೆ ಅದು ಎಲ್ಲ ಊರಲ್ಲೂ ಒಂದೇ ಥರ ಕೆಲಸ ಮಾಡುವುದಿಲ್ಲ. ಮಡಕೆಯ ಮೈಯಿಂದ ನೀರು ಒಸರಿ ಆವಿಯಾಗುವಾಗ ಒಳಗಿನದು ತಂಪಾಗುತ್ತದೆ. ಕಲಬುರಗಿ, ವಿಜಯಪುರದ ಒಣ ಗಾಳಿಗೆ ನೀರು ಬೇಗ ಆವಿಯಾಗುತ್ತದೆ, ತಂಪು ಚೆನ್ನಾಗಿ ಏರುತ್ತದೆ. ಮಂಗಳೂರು, ಕಾರವಾರದ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಅಷ್ಟು ತಂಪು ಸಿಗದು. ಬಯಲುಸೀಮೆಯವರು ಜೋಳದ ಅಂಬಲಿಗೆ ಮಜ್ಜಿಗೆ ಹಾಕಿ ಗಡಿಗೆಯಲ್ಲಿಟ್ಟು ಕುಡಿಯುವುದಕ್ಕೆ ಅಲ್ಲಿನ ಗಾಳಿಯೇ ನೆರವು.

ತರಕಾರಿಯನ್ನು ರುಬ್ಬಿ ತಣ್ಣಗೆ ಉಣ್ಣುವುದು ನಮ್ಮಲ್ಲಿ ಮಾತ್ರ ಇರುವ ರೂಢಿಯಲ್ಲ. ಸ್ಪೇನಿನ ದಕ್ಷಿಣಕ್ಕೆ ಆಂಡಲೂಸಿಯಾ ಎಂಬ ಸೀಮೆ ಇದೆ, ಬೇಸಿಗೆ ಅಲ್ಲೂ ಬಿರುಸು. ಅಲ್ಲಿಯವರ ಗಸ್ಪಾಚೊ ಇಂಥದ್ದೇ. ಹಣ್ಣು ಟೊಮೆಟೊ, ಸೌತೆ, ದೊಣ್ಣೆಮೆಣಸು, ಬೆಳ್ಳುಳ್ಳಿ, ನೆನೆಸಿದ ಹಳೆ ಬ್ರೆಡ್ಡು, ಆಲಿವ್ ಎಣ್ಣೆ, ಹುಳಿಗೆ ವಿನೆಗರ್. ಟೊಮೆಟೊ ಅಮೆರಿಕ ಖಂಡದಿಂದ ಯುರೋಪಿಗೆ ಬರುವ ಮುಂಚೆ ಬ್ರೆಡ್ಡು, ಬೆಳ್ಳುಳ್ಳಿ, ಎಣ್ಣೆ, ವಿನೆಗರ್ ಇಷ್ಟರಲ್ಲೇ ಮಾಡುತ್ತಿದ್ದರು. ಗಸ್ಪಾಚೊವನ್ನು ಗಂಟೆಗಟ್ಟಲೆ ಫ್ರಿಜ್ಜಿನಲ್ಲಿಟ್ಟರೆ ರುಚಿ ಇನ್ನೂ ಕೂಡುತ್ತದೆ. ಆಲಿವ್ ಎಣ್ಣೆ ತೆಂಗಿನೆಣ್ಣೆಯ ಹಾಗೆ ಬೇಗ ಗಟ್ಟಿಯಾಗುವುದಿಲ್ಲ, ಅದರಲ್ಲಿ ಮಜ್ಜಿಗೆಯೂ ಇಲ್ಲ. ಅವರ ಕ್ರಮವನ್ನು ಕಾಯಿ ಹಾಕಿದ ನಮ್ಮ ಪದಾರ್ಥಕ್ಕೆ ಹಚ್ಚಿದರೆ ಹೊಂದಿಕೆಯಾಗದು.

ಸೊಪ್ಪು ಸಿಗದ ಊರಿನವರಿಗೆ ಎಳೆ ಮುಳ್ಳುಸೌತೆ ಇದ್ದೇ ಇದೆ. ಮೊದಲು ತುದಿ ಕತ್ತರಿಸಿ ರುಚಿ ನೋಡಿ, ಕಹಿ ಇದ್ದರೆ ಆ ಕಾಯಿ ಬಿಡಿ. ಎರಡು ಸೌತೆ ತುರಿದು ಅರ್ಧ ಚಮಚ ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟರೆ ನೀರು ಬಿಡುತ್ತದೆ. ಆ ನೀರನ್ನು ಚೆಲ್ಲುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಸೌತೆಯ ಸಾರವೆಲ್ಲ ಅದರಲ್ಲೇ ಇರುವುದು. ತೆಂಗಿನಕಾಯಿ, ಹಸಿಮೆಣಸು, ಬೆರಳಿನ ಗೆಣ್ಣಿನಷ್ಟು ಶುಂಠಿಯನ್ನು ಆ ನೀರಿನಲ್ಲೇ ರುಬ್ಬಿ. ತುರಿಯಲ್ಲಿ ಅರ್ಧದಷ್ಟನ್ನು ಜೊತೆಗೇ ರುಬ್ಬಿ, ಉಳಿದರ್ಧವನ್ನು ಹಾಗೇ ಬೆರೆಸಿದರೆ ಬಾಯಿಗೆ ಕುರುಕುರು ಸಿಗುತ್ತದೆ. ಉಪ್ಪು ಮೊದಲೇ ಬಿದ್ದಿದೆ ಎಂಬುದು ನೆನಪಿರಲಿ.

ಕರಾವಳಿಯ ಹಳೆಯ ಮನೆಗಳಲ್ಲಿ ಬಣ್ಣದ ಸೌತೆಕಾಯಿಗಳನ್ನು, ಅಂದರೆ ಮಂಗಳೂರು ಸೌತೆಯನ್ನು, ಬಾಳೆನಾರಿನಲ್ಲಿ ಒಂದೊಂದಾಗಿ ಹೆಣೆದು ಅಟ್ಟದ ತೊಲೆಗೆ ಸಾಲಾಗಿ ತೂಗುಹಾಕುತ್ತಾರೆ. ಒಂದಕ್ಕೊಂದು ತಾಗದೆ, ನೆಲ ಮುಟ್ಟದೆ, ಸುತ್ತ ಗಾಳಿ ಆಡುತ್ತ ತಿಂಗಳುಗಟ್ಟಲೆ ಕೆಡದೆ ಇರುತ್ತವೆ. ಹೋಳನ್ನು ಹುಳಿಗೆ, ಕೊದ್ದೆಲಿಗೆ ಬಳಸಿ, ಬೀಜ ಸಹಿತದ ತಿರುಳನ್ನು ಎಸೆಯುವುದುಂಟು. ಎಸೆಯಬೇಡಿ. ಆ ತಿರುಳನ್ನು ನೀರಿನಲ್ಲಿ ಕಿವುಚಿ ಸೋಸಿದರೆ ತಿಳಿಯಾದ, ತುಸು ಸಿಹಿ ರಸ ಸಿಗುತ್ತದೆ. ರುಬ್ಬಿದ ಕಾಯಿ, ಜೀರಿಗೆ, ಮಜ್ಜಿಗೆ ಸೇರಿಸಿದರೆ ಅದೂ ಒಂದು ತಂಬುಳಿ. ಬೇಸಿಗೆಯ ಎಲ್ಲ ತಂಬುಳಿಗಳಲ್ಲಿ ನನಗೆ ಹೆಚ್ಚು ಹಿಡಿಸುವುದು ಇದೇ.

ಮಜ್ಜಿಗೆ ಒಗ್ಗದವರು, ಮುಂಚಿತವಾಗಿ ಮಾಡಿಡಲೇಬೇಕಾದವರು ಅಪ್ಪೆಹುಳಿ ಮಾಡಿಕೊಳ್ಳಿ. ಶರಾವತಿ, ಅಘನಾಶಿನಿ ಕಣಿವೆಗಳ ಹೊಳೆದಂಡೆಯಲ್ಲಿ ಬೆಳೆಯುವ ಅಪ್ಪೆಮಾವಿನ ಕಾಯಿ ಸಿಕ್ಕರೆ ಅದರ ಸೊನೆಯ ಪರಿಮಳಕ್ಕೆ ಸಾಟಿಯಿಲ್ಲ. ಸಿಗದಿದ್ದರೆ ಹುಳಿಯಾದ ಯಾವ ಮಾವಿನಕಾಯಿಯಾದರೂ ನಡೆಯುತ್ತದೆ. ಕಾಯಿಯನ್ನು ಬೇಯಿಸಿ, ಆರಿಸಿ, ಕಿವುಚಿ, ಹುಳಿ ನೋಡಿಕೊಂಡು ಧಾರಾಳವಾಗಿ ನೀರು ಸೇರಿಸಿ. ಉಪ್ಪು, ಸೀಳಿದ ಹಸಿಮೆಣಸು, ಬೇಕೆನ್ನುವವರಿಗೆ ಚೂರು ಬೆಲ್ಲ. ತೆಂಗಿನಕಾಯಿ ಇಲ್ಲ, ಮಜ್ಜಿಗೆ ಇಲ್ಲ, ಹಾಗಾಗಿ ಫ್ರಿಜ್ಜಿನಲ್ಲಿಟ್ಟರೂ ಏನೂ ಆಗುವುದಿಲ್ಲ. ಇಂಗು ಸಾಸಿವೆಯ ಒಗ್ಗರಣೆಯನ್ನು ಬಡಿಸುವಾಗ ಕೊಟ್ಟರಾಯಿತು. ಅಪ್ಪೆಹುಳಿ ಕುಡಿದರೆ ಒಳ್ಳೆಯ ನಿದ್ದೆ ಬರುತ್ತದೆ ಎಂದು ಶಿರಸಿ, ಸಿದ್ದಾಪುರದ ಕಡೆ ಹೇಳುತ್ತಾರೆ.

ಕಾಯಿ ರುಬ್ಬಿ ಹಾಕಿದ ತಂಬುಳಿಯನ್ನು ಮಾತ್ರ ಆ ಹೊತ್ತಿನ ಊಟಕ್ಕೇ ಮುಗಿಸಿ. ಹಸಿ ತೆಂಗಿನಕಾಯಿ ಈ ಸೆಕೆಗೆ ಕೆಲವೇ ಗಂಟೆಗಳಲ್ಲಿ ಹಳಸುತ್ತದೆ. ಮಜ್ಜಿಗೆಯ ಹುಳಿ ಇರುವುದರಿಂದ ಹಳಸಿದ್ದು ಬಾಯಿಗೆ ಬೇಗ ಗೊತ್ತಾಗುವುದೂ ಇಲ್ಲ. ಮಕ್ಕಳಿಗೆ, ವಯಸ್ಸಾದವರಿಗೆ ಬಡಿಸುವಾಗ ಈ ಎಚ್ಚರ ಇರಲೇಬೇಕು.

ಇನ್ನು ಮೊಸರಿನ ಮಾತು. ನಾಳೆ ಮಧ್ಯಾಹ್ನಕ್ಕೆ ಮಾಡುವವರು ಇವತ್ತು ರಾತ್ರಿ ಮಲಗುವ ಮುಂಚೆ ಹಾಲಿಗೆ ಹೆಪ್ಪು ಹಾಕಿ. ಈ ಬಿಸಿಲಿಗೆ ಬೆಳಗಾಗುವಷ್ಟರಲ್ಲಿ ಮೊಸರು ಕೂತಿರುತ್ತದೆ. ಕೂತ ಮೇಲೆ ಹೊರಗೆ ಬಿಟ್ಟರೆ ಹತ್ತು ಗಂಟೆಗೆಲ್ಲ ಹುಳಿ ಏರಿ ಸೊಪ್ಪಿನ ರುಚಿಯನ್ನು ನುಂಗುತ್ತದೆ. ಎದ್ದ ಕೂಡಲೇ ಕಡೆದು ಮಜ್ಜಿಗೆ ಮಾಡಿ ತಂಪಿಗೆ ಇಟ್ಟುಬಿಡಿ. ಊಟಕ್ಕೆ ಕೂತಾಗ ಮೊದಲ ಅನ್ನಕ್ಕೇ ತಂಬುಳಿ ಬಡಿಸಿ, ಸಾರು ಆಮೇಲೆ ಬರಲಿ.

ನಮಸ್ಕಾರ.