ಶನಿಯನ್ನು ನೋಡೋಕೆ ಕ್ಯೂ

ನಮಸ್ಕಾರ. ಈ ವಿಡಿಯೊದಲ್ಲಿ ಆಕಾಶ ಕಡಿಮೆ, ಜನ ಜಾಸ್ತಿ. ಮೊದಲೇ ಹೇಳಿಬಿಡುತ್ತೇನೆ. ಹಾಲುಹಾದಿಯ ಟೈಮ್‌ಲ್ಯಾಪ್ಸ್ ಬೇಕು ಅನ್ನುವವರಿಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ. ನಾನು ತೋರಿಸಬೇಕು ಅಂದುಕೊಂಡಿರುವುದು ಟೆಲಿಸ್ಕೋಪಿನ ಇನ್ನೊಂದು ತುದಿಯನ್ನು. ಅಂದರೆ ಕಣ್ಣಿಡುವ ತುದಿಯನ್ನು.

ಇದು ದಕ್ಷಿಣ ಬೆಂಗಳೂರಿನ ಒಂದು ಪಾರ್ಕ್. 2025ರ ನವೆಂಬರ್ ಕೊನೆ, ಸಂಜೆ ಐದು ಗಂಟೆ. ನಮ್ಮ ಹವ್ಯಾಸಿ ಖಗೋಳ ಕ್ಲಬ್‌ನವರು ಕಾರಿನಿಂದ ಸಾಮಾನು ಇಳಿಸುತ್ತಿದ್ದಾರೆ. ಗೀಸರ್ ತರ ಕಾಣುವ ಆ ಬಿಳಿ ಕೊಳವೆ ಎಂಟು ಇಂಚಿನ ಕನ್ನಡಿ ಇರುವ ಡಾಬ್ಸೋನಿಯನ್ ಟೆಲಿಸ್ಕೋಪ್. ಕತ್ತಲಾಗೋಕೆ ಇನ್ನೂ ಟೈಮಿದೆ, ಇಷ್ಟು ಬೇಗ ಯಾಕೆ ಅಂತ ವಾಕಿಂಗ್ ಬಂದವರು ಕೇಳುತ್ತಾರೆ. ಕೆಲಸ ಇದೆ. ಡಿಕ್ಕಿಯಲ್ಲಿ ಬಿಸಿಯಾದ ಕನ್ನಡಿ ಹೊರಗಿನ ಗಾಳಿಯಷ್ಟು ತಣ್ಣಗಾಗಬೇಕು. ಇಲ್ಲದಿದ್ದರೆ ಕಾಣುವ ಚಿತ್ರ ನಡುಗುತ್ತದೆ. ಬೆಳಕಿರುವಾಗಲೇ ದೂರದ ಮೊಬೈಲ್ ಟವರ್‌ನ ತುದಿಗೆ ಗುರಿಯಿಟ್ಟು ಫೈಂಡರ್, ಅಂದರೆ ಗುರಿ ಹುಡುಕೋಕೆ ಕೊಳವೆಯ ಮೇಲಿರುವ ಪುಟ್ಟ ಸಾಧನ, ಹೊಂದಿಸಬೇಕು. ಕನ್ನಡಿಗಳು ಒಂದೇ ಸಾಲಿನಲ್ಲಿ ಕೂತಿವೆಯಾ ಅಂತ ನೋಡಿ ಸ್ಕ್ರೂ ತಿರುಗಿಸಬೇಕು. ಇದಕ್ಕೆ ಕೊಲಿಮೇಷನ್ ಅನ್ನುತ್ತಾರೆ. ನೋಡುವವರಿಗೆ ಬೋರು, ಮಾಡುವವರಿಗೆ ಧ್ಯಾನ.

ಟೆಲಿಸ್ಕೋಪನ್ನು ರಸ್ತೆಗೆ ತಂದು ದಾರಿಯಲ್ಲಿ ಹೋಗುವವರನ್ನು ಕರೆಯುವ ಈ ಚಾಳಿಗೆ ದೊಡ್ಡ ಹೆಸರು ತಂದವರು ಜಾನ್ ಡಾಬ್ಸನ್. 1915ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದವರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವೇದಾಂತ ಸೊಸೈಟಿಯ ಸನ್ಯಾಸಿಯಾಗಿದ್ದರು. ಹೌದು, ರಾಮಕೃಷ್ಣ ಪರಂಪರೆಯ ಸನ್ಯಾಸಿ! ಕೈಯಲ್ಲಿ ಕಾಸಿಲ್ಲ. ಹಡಗಿನ ಕಿಟಕಿಯ ಹಳೇ ಗಾಜನ್ನು ಉಜ್ಜಿ ಕನ್ನಡಿ ಮಾಡಿಕೊಂಡರು, ಸುಲಭವಾಗಿ ತಿರುಗುವ ಮರದ ಪೆಟ್ಟಿಗೆಯಲ್ಲಿ ಕೊಳವೆ ಕೂರಿಸಿದರು. ಟೆಲಿಸ್ಕೋಪಿನ ಹುಚ್ಚು ಜಾಸ್ತಿಯಾಗಿ 1967ರಲ್ಲಿ ಆಶ್ರಮ ಬಿಡಬೇಕಾಯಿತು. ಮರುವರ್ಷವೇ ಫುಟ್‌ಪಾತ್ ಮೇಲೆ ಆಕಾಶ ತೋರಿಸುವ ಗುಂಪು ಶುರುವಾಯಿತು. ಡಾಬ್ಸೋನಿಯನ್ ಅನ್ನುವ ಹೆಸರು ಅವರದೇ. ತಮ್ಮ ವಿನ್ಯಾಸಕ್ಕೆ ಅವರು ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ಆ ಪೆಟ್ಟಿಗೆಯಿಂದಲೇ ನಮ್ಮಂಥ ಕ್ಲಬ್‌ಗಳ ಜೇಬಿಗೆ ಎಟಕುವ ಬೆಲೆಯಲ್ಲಿ ದೊಡ್ಡ ಟೆಲಿಸ್ಕೋಪ್ ಸಿಗುತ್ತಿದೆ.

ಆರೂವರೆ. ಅರ್ಧ ಚಂದ್ರ ನೆತ್ತಿಯ ಹತ್ತಿರ ಇದ್ದಾನೆ. ಸಾರ್ವಜನಿಕ ವೀಕ್ಷಣೆಯನ್ನು ಹುಣ್ಣಿಮೆಗೆ ಇಟ್ಟುಕೊಳ್ಳಬಹುದಿತ್ತಲ್ಲ ಅಂತ ಕಾಮೆಂಟ್ ಹಾಕುವವರಿಗೆ ಇಲ್ಲೇ ಉತ್ತರ. ಹುಣ್ಣಿಮೆಯಲ್ಲಿ ನಮ್ಮ ಕಡೆಯಿಂದಲೇ ಬಿಸಿಲು ನೇರವಾಗಿ ಬೀಳುತ್ತದೆ, ನೆರಳೇ ಇರಲ್ಲ. ಚಂದ್ರ ಬರೀ ಬೆಳ್ಳಗೆ ಕಣ್ಣಿಗೆ ಕುಕ್ಕುತ್ತಾನೆ. ಅಷ್ಟಮಿಯ ಆಸುಪಾಸಿನಲ್ಲಿ ಬೆಳಕು-ಕತ್ತಲೆಯ ಗೆರೆ ನಡುವೆ ಹಾದುಹೋಗುತ್ತದೆ. ಆ ಗೆರೆಯ ಪಕ್ಕದ ಗುಂಡಿಗಳ ನೆರಳು ಉದ್ದಕ್ಕೆ ಚಾಚಿಕೊಂಡಿರುತ್ತದೆ. ಆಳ ಗೊತ್ತಾಗುವುದು ಆವಾಗಲೇ.

ಮೊದಲ ಪ್ರಶ್ನೆ ಪ್ರತಿ ಸಲವೂ ಒಂದೇ. 'ಅಣ್ಣಾ, ಅಮೆರಿಕದವರು ನೆಟ್ಟ ಬಾವುಟ ಕಾಣುತ್ತಾ?' ಕಾಣಲ್ಲ ಪುಟ್ಟಾ. ಚಂದ್ರ ಇರುವುದು ಸರಾಸರಿ 3,84,400 ಕಿಲೋಮೀಟರ್ ದೂರ. ಈ ಕನ್ನಡಿಗೆ ಅಲ್ಲಿ ಹೆಚ್ಚುಕಡಿಮೆ ಒಂದು ಕಿಲೋಮೀಟರ್‌ಗಿಂತ ಸಣ್ಣ ಗುಂಡಿ ಬೇರೆಯಾಗಿ ಕಾಣುವುದಿಲ್ಲ. ಮುಂದಿನ ಪ್ರಶ್ನೆ, ಚಂದ್ರಯಾನ-3ರ ವಿಕ್ರಮ್ ಎಲ್ಲಿ ಇಳಿದದ್ದು? ಇದಕ್ಕೆ ಉತ್ತರ ಕೊಡೋಕೆ ಖುಷಿ. 2023ರ ಆಗಸ್ಟ್ 23ರಂದು ಅದು ಇಳಿದ ಜಾಗ ಚಂದ್ರನ ದಕ್ಷಿಣದ ಅಂಚಿನ ಹತ್ತಿರ, ಮಾಂಜಿನಸ್ ಅನ್ನುವ ದೊಡ್ಡ ಗುಂಡಿಯಿಂದ ಸ್ವಲ್ಪ ಆಚೆ. ನೌಕೆ ಕಾಣದಿದ್ದರೂ 'ಆ ಕಡೆ' ಅಂತ ಬೆರಳು ಮಾಡಿ ತೋರಿಸಬಹುದು. ಅಷ್ಟಕ್ಕೇ ಜನ ಫೋನನ್ನು ಐಪೀಸಿಗೆ, ಅಂದರೆ ಕಣ್ಣಿಡುವ ಮಸೂರಕ್ಕೆ, ಒತ್ತಿ ಫೋಟೊ ತೆಗೆಯುತ್ತಾರೆ. ಎರಡೇ ನಿಮಿಷದಲ್ಲಿ ಅದು ವಾಟ್ಸ್‌ಆ್ಯಪ್ ಸ್ಟೇಟಸ್.

ಈಗ ಕೊಳವೆ ಶನಿಯ ಕಡೆ ತಿರುಗಿತು. ಕ್ಯೂ ನೋಡಿ.

ಇಬ್ಬರು ಸುಮ್ನೆ ಹೊರಗೆ ಸರಿದರು, ಗಮನಿಸಿದಿರಾ? ಚಂದ್ರ ಆಯ್ತು, ಶನಿ ಬೇಡ ಅಂದರು. ಇದು ಹೊಸದೇನಲ್ಲ. ಶನಿವಾರ ದೇವಸ್ಥಾನಕ್ಕೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿ ಬರುವ ಊರಿದು. ಶನಿಯ ದೃಷ್ಟಿ ನಮ್ಮ ಮೇಲೆ ಬೀಳಬಾರದು ಅಂತ ಹೇಳಿ ಬೆಳೆಸಿದ್ದಾರೆ. ನಾವಾಗಿ ಹೋಗಿ ಅವನ ಮೇಲೆ ದೃಷ್ಟಿ ಇಡುವುದು ಅಂದರೆ! ಈ ಅಜ್ಜಿ ಮಾತ್ರ ಚಪ್ಪಲಿ ಬಿಟ್ಟು, ಕೈಮುಗಿದು, ಆಮೇಲೆ ಕಣ್ಣಿಟ್ಟರು. ಕನ್ನಡಕ ತೆಗೆದು ನೋಡಿ ಅಜ್ಜಿ, ಫೋಕಸ್ ನಾನು ಮಾಡುತ್ತೇನೆ ಅಂದ ನಮ್ಮ ಹುಡುಗ.

ಅಜ್ಜಿ ಹೇಳಿದ್ದು ಒಂದೇ ಮಾತು: 'ಇಷ್ಟು ಚಿಕ್ಕವನಾ?'

ಅವರು ಹೋದ ಮೇಲೆ ಒಬ್ಬರು ಅಂಕಲ್ ಸಾಡೇಸಾತಿಯ ವಿಷಯ ತೆಗೆದರು. ಅಂದರೆ ಜನ್ಮರಾಶಿ ಮತ್ತು ಅದರ ಹಿಂದಿನ, ಮುಂದಿನ ರಾಶಿಗಳನ್ನು ಶನಿ ದಾಟುವ ಏಳೂವರೆ ವರ್ಷದ ಕಾಟ. ನಮ್ಮ ಕ್ಲಬ್‌ನಲ್ಲಿ ಕೆಲವರು ಇಂಥ ಮಾತಿಗೆ ನಗುತ್ತಾರೆ. ನನಗೆ ಅದು ಸರಿ ಅನ್ನಿಸಲ್ಲ. ನಕ್ಕರೆ ಎದುರಿನವರು ಮನೆಗೆ ಹೋಗುತ್ತಾರೆ, ಅಷ್ಟೇ. ಲೆಕ್ಕ ಹಾಕಿ ತೋರಿಸಿ. ಶನಿ ಸೂರ್ಯನನ್ನು ಒಂದು ಸುತ್ತು ಹಾಕೋಕೆ ಸುಮಾರು 29.5 ವರ್ಷ ಬೇಕು. ರಾಶಿಗಳು 12. ಒಂದೊಂದು ರಾಶಿ ದಾಟೋಕೆ ಹತ್ತಿರ ಹತ್ತಿರ ಎರಡೂವರೆ ವರ್ಷ. ಮೂರು ರಾಶಿಗೆ ಏಳೂವರೆ. ಟೆಲಿಸ್ಕೋಪ್ ಇಲ್ಲದ ಕಾಲದಲ್ಲಿ ಯಾರೋ ವರ್ಷಗಟ್ಟಲೆ ರಾತ್ರಿ ಕೂತು ಅವನ ನಡಿಗೆ ಅಳೆದಿದ್ದರಿಂದ ಆ ಏಳೂವರೆ ಬಂತು. ಆ ಅಳತೆ ಪಕ್ಕಾ. ಅದಕ್ಕೆ ನಮ್ಮ ಪ್ರಮೋಷನ್ನು, ಮದುವೆ, ಮಂಡಿನೋವು ಅಂಟಿಸಿದ್ದು ಆಮೇಲಿನ ಕತೆ. ಅಂಕಲ್ ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ಮತ್ತೆ ಕ್ಯೂನ ಕೊನೆಗೆ ಹೋಗಿ ನಿಂತರು.

ಈ ವರ್ಷ ಇನ್ನೊಂದು ತಮಾಷೆ. 'ಬಳೆ ಎಲ್ಲಿ?' ಅಂತ ಎಲ್ಲರದೂ ದೂರು. ಪಠ್ಯಪುಸ್ತಕದಲ್ಲಿ ನೋಡಿದ ಅಗಲವಾದ ಉಂಗುರ ಇಲ್ಲ, ಒಂದು ಸಣ್ಣ ಗೆರೆ ಅಷ್ಟೇ. ಸುಮಾರು 15 ವರ್ಷಕ್ಕೊಮ್ಮೆ ಶನಿಯ ಬಳೆಯ ಅಂಚು ನಮಗೆ ನೇರವಾಗಿ ಬರುತ್ತದೆ. 2025ರ ಮಾರ್ಚ್‌ನಲ್ಲಿ ಹಾಗಾಯಿತು, ನವೆಂಬರ್ ಕೊನೆಗೆ ಮತ್ತೆ ಹೆಚ್ಚುಕಡಿಮೆ ಅದೇ ಸ್ಥಿತಿ. ಬಳೆಯ ಅಗಲ ಈ ತುದಿಯಿಂದ ಆ ತುದಿಗೆ ಸುಮಾರು 2,80,000 ಕಿಲೋಮೀಟರ್. ದಪ್ಪ ಮಾತ್ರ ಬಹಳ ಕಡೆ ಹತ್ತಾರು ಮೀಟರ್ ಅಷ್ಟೇ. ಅಷ್ಟು ತೆಳ್ಳಗಿನ ವಸ್ತುವನ್ನು ಅಂಚಿನಿಂದ ನೋಡಿದರೆ ಇನ್ನೇನು ಕಾಣಬೇಕು ಹೇಳಿ? ನನ್ನ ಕೇಳಿದರೆ ಈ ನೋಟವೇ ಅಪರೂಪ. ತೆರೆದ ಬಳೆಯನ್ನು ಮುಂದಿನ ವರ್ಷಗಳಲ್ಲಿ ಆರಾಮಾಗಿ ನೋಡಬಹುದು.

ಬೀದಿ ದೀಪದ ಬಗ್ಗೆ ಒಂದು ಮಾತು. ನಗರದಲ್ಲಿ ಏನ್ರೀ ಕಾಣುತ್ತೆ, ಊರಾಚೆ ಕತ್ತಲಿಗೆ ಹೋಗಬೇಕು ಅನ್ನುವವರು ನಮ್ಮಲ್ಲೇ ಬಹಳ ಜನ. ನೀಹಾರಿಕೆ, ಗೆಲಾಕ್ಸಿ ಬೇಕಿದ್ದರೆ ನಿಜ. ನಾವೂ ಅಮಾವಾಸ್ಯೆಯ ಹತ್ತಿರ ರಾತ್ರಿಯಿಡೀ ಹೊರಗೆ ಹೋಗುತ್ತೇವೆ. ಆದರೆ ಅಲ್ಲಿಗೆ ಬರುವವರು ಮೊದಲೇ ಈ ಹುಚ್ಚು ಹತ್ತಿದವರು, ಕಾರಿರುವವರು, ಕ್ಯಾಮೆರಾ ಇರುವವರು. ಈ ಅಜ್ಜಿ ಅಲ್ಲಿಗೆ ಬರ್ತಾರಾ? ಚಂದ್ರ, ಶನಿ, ಗುರು ಎಷ್ಟು ಪ್ರಕಾಶ ಅಂದರೆ ಬೀದಿ ದೀಪ ಅವರಿಗೆ ಲೆಕ್ಕಕ್ಕಿಲ್ಲ. ಕ್ಲಬ್‌ನ ಪೆಟ್ರೋಲ್ ಖರ್ಚಿನಲ್ಲಿ ಅರ್ಧವನ್ನು ಉಳಿಸಿ ಇನ್ನಷ್ಟು ಪಾರ್ಕುಗಳಿಗೆ ಹೋಗಬೇಕು ಅಂತ ಮೀಟಿಂಗ್‌ನಲ್ಲಿ ನಾನು ವಾದ ಮಾಡುತ್ತಲೇ ಇದ್ದೇನೆ. ಇನ್ನೂ ಗೆದ್ದಿಲ್ಲ.

ಉಳಿದ ಚಟುವಟಿಕೆ ಬೇಗ ಹೇಳಿ ಮುಗಿಸುತ್ತೇನೆ. ಶಾಲೆಗಳಲ್ಲಿ ಹಗಲು ಹೊತ್ತು ಫಿಲ್ಟರ್ ಹಾಕಿ ಸೂರ್ಯನ ಕಲೆ ತೋರಿಸುತ್ತೇವೆ. ಏಪ್ರಿಲ್ ಕೊನೆ ಮತ್ತು ಆಗಸ್ಟ್ ಮಧ್ಯದಲ್ಲಿ ಬೆಂಗಳೂರಿಗೆ ಬರುವ ಶೂನ್ಯ ನೆರಳಿನ ದಿನ, ಅಂದರೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಗೆ ಬಂದು ನೆಟ್ಟಗಿರುವ ಕಂಬದ ನೆರಳು ಮಾಯವಾಗುವ ದಿನ, ಮಕ್ಕಳಿಗೆ ಹಬ್ಬ. ಗ್ರಹಣ ಬಂದರಂತೂ ನಿದ್ದೆ ಇಲ್ಲ.

ಟೆಲಿಸ್ಕೋಪ್ ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ: ಈಗಲೇ ತಗೋಬೇಡಿ. ಡಬ್ಬದ ಮೇಲೆ 500 ಪಟ್ಟು ಅಂತ ಬರೆದಿರುವ ಆಟಿಕೆಯನ್ನಂತೂ ಮುಟ್ಟಲೇಬೇಡಿ. 10x50 (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿಲಿಮೀಟರ್ ಮಸೂರದ) ಬೈನಾಕ್ಯುಲರ್ ಇದ್ದರೆ ಕೃತ್ತಿಕೆ, ಚಂದ್ರ, ಗುರುವಿನ ಉಪಗ್ರಹಗಳು ಎಲ್ಲ ಸಿಗುತ್ತವೆ. ಮೊದಲು ಬಂದು ನಮ್ಮದರಲ್ಲಿ ನೋಡಿ. ದುಡ್ಡು ಕೊಡಬೇಕಿಲ್ಲ, ಸ್ಟೂಲು ನಾವೇ ತರುತ್ತೇವೆ.

ಮುಂದಿನ ಕಾರ್ಯಕ್ರಮ ಜನವರಿಯಲ್ಲಿ. 2026ರ ಜನವರಿ 10ಕ್ಕೆ ಗುರು ಸೂರ್ಯನಿಗೆ ಸರಿಯಾಗಿ ಎದುರು ಬರುತ್ತಾನೆ, ಸಂಜೆಯಿಂದ ಬೆಳಗಿನವರೆಗೂ ಆಕಾಶದಲ್ಲೇ ಇರುತ್ತಾನೆ. ಈ ಸಲ ಯಾರೂ ಕ್ಯೂ ಬಿಟ್ಟು ಹೋಗಲ್ಲ ಬಿಡಿ. ಮಗಳಿಗೆ ಗುರುಬಲ ಬಂದಿದೆಯಾ ಅಂತ ಕೇಳುವವರು ಮಾತ್ರ ಬಂದೇ ಬರುತ್ತಾರೆ. ಆ ಲೆಕ್ಕವನ್ನೂ ರೆಡಿ ಮಾಡಿಟ್ಟುಕೊಂಡಿದ್ದೇನೆ.